ಆರು ಇರಬೇಕಿತ್ತು, ಐದೇ ಸಿಕ್ಕಿತು

ಯಾರ ಮೇಲಾದರೂ ಗೂಬೆ ಕೂರಿಸುವುದು ನಮ್ಮ ಸೊಸೈಟಿ ಮೀಟಿಂಗಿನಲ್ಲಿ ತಿಂಗಳಿಗೊಮ್ಮೆ ನಡೆಯುವ ಕೆಲಸ. ಈ ಸಲ ಮಾತ್ರ ಗೂಬೆ ತಾನಾಗಿಯೇ ಬಂದು ಕೂತಿತ್ತು. ಪುಣೆಯ ಕೋಥ್ರೂಡಿನಲ್ಲಿರುವ ನಮ್ಮ ಹಳೇ ಬಿಲ್ಡಿಂಗಿನ ಲಿಫ್ಟ್ ರೂಮಿನ ಕಿಂಡಿಯಲ್ಲಿ. ಬಿಳೀ ಮುಖದ ಕಣಜ ಗೂಬೆ. ಓಡಿಸಬೇಕು ಅಂತ ಅರ್ಧ ಜನ, ಲಕ್ಷ್ಮಿಯ ವಾಹನ ಕಣ್ರೀ ಅಂತ ಇನ್ನರ್ಧ. ಓಡಿಸುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಗೂಬೆಗಳಿಗೂ ರಕ್ಷಣೆ ಕೊಡುತ್ತದೆ ಅಂದೆ. ಮೀಟಿಂಗ್ ಅಲ್ಲಿಗೆ ಮುಗಿಯಿತು.

ಮನೆಯಲ್ಲಿ ಮುಗಿಯಲಿಲ್ಲ. "ಮನಿ ಮ್ಯಾಲೆ ಗೂಗಿ ಕುಂತ್ರ ಛಲೋ ಅಲ್ಲ" ಅಂದಳು ಅವ್ವ. ಧಾರವಾಡದವಳು. ಹೋದ ವರ್ಷ ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಮೂಳೆಯ ಕತ್ತು ಮುರಿದುಕೊಂಡ ಮೇಲೆ ನಮ್ಮ ಹತ್ತಿರ ಬಂದಿದ್ದಾಳೆ. ಮೂಳೆಯ ಗುಂಡು ತೆಗೆದು ಲೋಹದ್ದು ಕೂರಿಸಿದ್ದಾರೆ. ಈಗ ವಾಕರ್ ಹಿಡಿದು ನಡೆಯುತ್ತಾಳೆ.

ಭಾನುವಾರ ಮಗಳು ಟೆರೇಸಿನಿಂದ ಪೇಪರಿನಲ್ಲಿ ಏನೋ ಸುತ್ತಿಕೊಂಡು ಬಂದಳು. ಹೆಬ್ಬೆರಳಿನಷ್ಟು ಉದ್ದದ ನಾಲ್ಕು ಕಪ್ಪು ಉಂಡೆ. ನಾನು ಹಿಕ್ಕೆ ಅಂದುಕೊಂಡೆ. ಅಲ್ಲವಂತೆ. ಗೂಬೆ ಇಲಿಯನ್ನು ಇಡಿಯಾಗಿ ನುಂಗುತ್ತದೆ. ಮಾಂಸ ಕರಗುತ್ತದೆ, ಕೂದಲು ಮತ್ತು ಮೂಳೆ ಕರಗುವುದಿಲ್ಲ. ಅವೆಲ್ಲ ಹೊಟ್ಟೆಯಲ್ಲೇ ಉಂಡೆ ಕಟ್ಟಿ ಕೆಲವು ಗಂಟೆಗಳಾದ ಮೇಲೆ ಬಾಯಿಂದ ಹೊರಗೆ ಬರುತ್ತವೆ. ಹದ್ದು, ಗಿಡುಗಗಳ ಹೊಟ್ಟೆಯ ಆಮ್ಲ ಜೋರು, ಮೂಳೆಯನ್ನೂ ಬಹುಪಾಲು ಕರಗಿಸಿಬಿಡುತ್ತದೆ. ಗೂಬೆಯದು ಅಷ್ಟು ಜೋರಲ್ಲ. ಹಾಗಾಗಿ ಗೂಬೆಯ ಉಂಡೆಯಲ್ಲಿ ಪೂರ್ತಿ ತಲೆಬುರುಡೆಯೇ ಸಿಗುತ್ತದೆ.

ಹಸಿಯಾಗಿ ಮುಟ್ಟಬಾರದು, ಸಾಲ್ಮೊನೆಲ್ಲಾದಂಥ ರೋಗಾಣು ಇರಬಹುದು. ಹೊಸದು ಬಂದ ಮೇಲೆ ಮೂಲೆ ಸೇರಿದ್ದ ಹಳೇ ಓವನ್ ತೆಗೆದು, ಉಂಡೆಗಳನ್ನು ಫಾಯಿಲಿನಲ್ಲಿ ಸುತ್ತಿ, 160 ಡಿಗ್ರಿಯಲ್ಲಿ 40 ನಿಮಿಷ ಇಟ್ಟೆವು. ವಾಸನೆ ವರ್ಣಿಸುವುದಿಲ್ಲ. ಆಮೇಲೆ ಗ್ಲೌಸು, ಮಾಸ್ಕು, ಬೆಚ್ಚಗಿನ ನೀರಿನ ತಟ್ಟೆ, ದಬ್ಬಣ, ಒಂದು ಚಿಮಟ.

ಮೊದಲನೇ ಉಂಡೆ ಬಿಡಿಸಿದಾಗ ಬರೀ ಕೂದಲು. ಕೆದಕುತ್ತಾ ಹೋದರೆ ಒಂದು ಬುರುಡೆ. ಮುಂದೆ ಎರಡು ಬಾಗಿದ ಹಲ್ಲು, ಕಿತ್ತಳೆ ಬಣ್ಣದವು. ಆಮೇಲೆ ಖಾಲಿ ಜಾಗ, ಅದರ ಹಿಂದೆ ದವಡೆ ಹಲ್ಲು. ಕೋರೆಹಲ್ಲೇ ಇಲ್ಲ. ಇಲಿಗೆ ಒಟ್ಟು 16 ಹಲ್ಲು, ನಮಗೆ 32. ಮುಂದಿನ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ. ಅದಕ್ಕೇ ಅದು ಕಂಡಿದ್ದನ್ನೆಲ್ಲ ಕಡಿಯುವುದು. ನನ್ನ ಕಾರಿನ ವಯರು ಕೂಡ ಆ ಲೆಕ್ಕದಲ್ಲೇ ಹೋಗಿದ್ದು.

ಅಂಥವೇ ಎರಡು ಬುರುಡೆ ಸಿಕ್ಕಿದವು. ಮೂರನೆಯದು ಬೇರೆ. ಉದ್ದ ಮೂತಿ, ನಡುವೆ ಖಾಲಿ ಜಾಗವೇ ಇಲ್ಲ, ಸಾಲಾಗಿ ಚೂಪು ಹಲ್ಲು. ಸೊಂಡಿಲಿ! ಹೆಸರಿಗಷ್ಟೇ ಇಲಿ ಅದು. ಹುಳ ತಿನ್ನುವ ಬೇರೆ ಜಾತಿಯ ಪ್ರಾಣಿ.

ಮಗಳು ಕಪ್ಪು ಕಾಗದದ ಮೇಲೆ ಮೂಳೆಗಳನ್ನು ಜೋಡಿಸಿದಳು. ಕುತ್ತಿಗೆಗೆ ಏಳು ಮಣಿ. ನಮಗೂ ಏಳೇ, ಜಿರಾಫೆಗೂ ಏಳೇ. ಈ ಏಳನ್ನೂ ನುಂಗಿದ ಗೂಬೆಗೆ ಮಾತ್ರ ಹದಿನಾಲ್ಕು. ಮೊಣಕಾಲಿನ ಕೆಳಗೆ ನಮಗೆ ಎರಡು ಬೇರೆ ಬೇರೆ ಮೂಳೆ. ಇಲಿಗೆ ಅವೆರಡೂ ಕೆಳಗಡೆ ಬೆಸೆದುಕೊಂಡಿರುತ್ತವೆ. ತೊಡೆಮೂಳೆ ಎತ್ತಿ ಹಿಡಿದಾಗ ನಾನು ಸುಮ್ಮನಾದೆ. ಎರಡು ಅಕ್ಕಿಕಾಳು ಸೇರಿಸಿದಷ್ಟು ಉದ್ದ ಇರಬಹುದು. ತುದಿಯಲ್ಲಿ ಗುಂಡು, ಅದರ ಕೆಳಗೆ ಸಣ್ಣ ಕತ್ತು. ಇದನ್ನು ನಾನು ಎಲ್ಲೋ ನೋಡಿದ್ದೇನೆ.

ಬೀರುವಿನಿಂದ ಅವ್ವನ ಎಕ್ಸ್‌ರೇ ತಂದು ಬಾಲ್ಕನಿಯ ಗಾಜಿಗೆ ಅಂಟಿಸಿದೆ. ಆಪರೇಷನ್ನಿಗೆ ಮುಂಚಿನದು. ಒಂದು ಕಡೆ ಮುರಿದದ್ದು, ಇನ್ನೊಂದು ಕಡೆ ಸರಿಯಾಗಿರುವುದು. ಮಗಳು ಸರಿಯಾಗಿರುವುದರ ಪಕ್ಕ ಇಲಿಯ ಮೂಳೆ ಹಿಡಿದಳು. ಅದೇ ಗುಂಡು, ಅದೇ ಕತ್ತು, ಸೊಂಟದ ಕುಳಿಗೆ ಕೂರುವ ರೀತಿಯೂ ಅದೇ.

ವಾಸನೆಗೆ ಬೈಯುತ್ತಾ ಒಳಗೆ ಕೂತಿದ್ದ ಅವ್ವ ವಾಕರ್ ಟಕ್ ಟಕ್ ಮಾಡುತ್ತಾ ಬಂದಳು. ಕನ್ನಡಕ ಮೇಲೇರಿಸಿ ನೋಡಿದಳು.

"ಇಲಿಗೂ ಹಿಂಗ ಇರ್ತದೇನು?"

"ಹೂಂ ಅಜ್ಜಿ, ನಿನ್ನದರ ಥರಾನೇ."

"ಮುರದ್ರ ಅದಕ್ಕ ಯಾರು ಕೂಡಸ್ತಾರ?"

"ಯಾರೂ ಇಲ್ಲ. ಗೂಬೆ ಹಿಡ್ಕೊಂಡು ಹೋಗತ್ತೆ."

ಅವ್ವ ಕುರ್ಚಿ ಎಳೆಸಿಕೊಂಡು ಕೂತಳು. ಅಕ್ಕಿ ಆರಿಸುವ ಕೈ ಅದು. ನಾವು ಕಸ ಅಂತ ಬಿಟ್ಟ ಕೂದಲಲ್ಲಿ ಇನ್ನೊಂದು ತೊಡೆಮೂಳೆ ಹುಡುಕಿ ತೆಗೆದಳು, ಗ್ಲೌಸು ಹಾಕಿಕೊಂಡೇ. ಕೊನೆಗೆ ಲೆಕ್ಕ ಹಾಕಿದೆವು. ಮೂರು ಬುರುಡೆ, ಅಂದರೆ ಆರು ತೊಡೆಮೂಳೆ ಇರಬೇಕು. ಐದೇ ಇದ್ದವು. ಇನ್ನೊಂದು ಬೇರೆ ಉಂಡೆಯಲ್ಲಿ ಹೋಗಿರಬಹುದು, ಇಲ್ಲ ನಾವೇ ನೀರಿನ ಜೊತೆ ಚೆಲ್ಲಿರಬಹುದು ಅಂದಳು ಮಗಳು.

ಅವ್ವ ಎಕ್ಸ್‌ರೇಯ ಕಡೆ ನೋಡುತ್ತಿದ್ದಳು.

"ಅಲ್ಲಾ, ನನ್ನ ಹಳೇ ಗುಂಡು ತಗದ್ರಲ್ಲ, ಅದನ್ನ ಏನ್ ಮಾಡಿದ್ರು?"

ಆಸ್ಪತ್ರೆಯಲ್ಲಿ ಇಪ್ಪತ್ತು ಕಾಗದಕ್ಕೆ ಸಹಿ ಹಾಕಿದ್ದೆ. ಇದೊಂದನ್ನು ಕೇಳಿರಲಿಲ್ಲ. ಗೊತ್ತಿಲ್ಲ ಅಂದೆ.

"ಎಪ್ಪತ್ತೊಂದು ವರ್ಷ ನನ್ನ ಹೊತ್ತಿತ್ತು" ಅಂದಳು. "ಮುಂದಿನ ತಿಂಗಳ ತೋರಸಾಕ ಹೋದಾಗ ನೆನಪಿಲೆ ಕೇಳು."