ಛಲೋ ಕಾಲು

ಬೀದರ್
11 ಜೂನ್ 2025, ಬುಧವಾರ, ರಾತ್ರಿ ಹತ್ತೂವರೆ

ಇವತ್ತು ಕಾರಹುಣ್ಣಿಮೆ. ಬೆಳಿಗ್ಗೆ ಕುದುರೆಯ ಬಾಯಿಯ ಹತ್ತಿರ ಹೋಗಿದ್ದ ಹೋಳಿಗೆಯನ್ನು ಕಿತ್ಕೊಂಡು, ಅದರ ಎದುರಿಗೇ ನಿಂತು ನಾನು ತಿಂದೆ.

ಅವ್ವನಿಗೆ ಇನ್ನೂ ಸಿಟ್ಟು ಇಳಿದಿಲ್ಲ. "ಮೂಕ ಜನಾವರದ ಬಾಯಾಗಿಂದು ಕಸ್ಕೊಂಡಿ ಅಲಾ, ಪಾಪ ಹತ್ತಲ್ಲೇನ ನಿನಗ?" ಅಂತ ಮಧ್ಯಾಹ್ನದಿಂದ ಮೂರು ಸಲ ಕೇಳಿದಳು. ಅವಳ ಕಡೆಯಿಂದ ನೋಡಿದರೆ ಅವಳದ್ದೂ ಸರಿ. ನಮ್ಮ ಮನೆಯಲ್ಲಿ ಈಗ ಎತ್ತುಗಳಿಲ್ಲ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ದೇವಣಿ ಜೋಡಿಯನ್ನು ಮಾರಿದರು. ಮೈಯೆಲ್ಲ ಬಿಳಿ, ಅಲ್ಲಲ್ಲಿ ಕಪ್ಪು ಮಚ್ಚೆ ಇದ್ದ ಎತ್ತುಗಳು. ಅವತ್ತಿನಿಂದ ಪ್ರತಿ ಕಾರಹುಣ್ಣಿಮೆಗೆ ಅವ್ವ ಎರಡು ಹೋಳಿಗೆ ಜಾಸ್ತಿ ಮಾಡಿ ಯಾರದಾದರೂ ಎತ್ತಿಗೆ ತಿನ್ನಿಸಿ ಬರ್ತಾಳೆ. ಈ ಸಲ ಮದುವೆ ಮೆರವಣಿಗೆಗೆ ಕುದುರೆ ಕೊಡುವ ನಮ್ಮ ಓಣಿಯ ಚಾಚಾನ ತಬೇಲಾಕ್ಕೆ, ಅಂದರೆ ಕುದುರೆ ಲಾಯಕ್ಕೆ, ಹೋದಳು. ಪೆಟ್ಟಾಗಿ ನಿಂತ ಜೀವಕ್ಕೆ ಕೊಡದೆ ಇನ್ಯಾರಿಗೆ ಕೊಡಲಿ ಅನ್ನೋದು ಅವಳ ವಾದ.

ಆದರೆ ಡಾಕ್ಟರು ಖಡಕ್ಕಾಗಿ ಹೇಳಿದ್ದಾರೆ. ಬೆಲ್ಲ ಬೇಡ, ಕಡಲೆ ಬೇಡ, ಹುರುಳಿಯೂ ಬೇಡ. ಒಣ ಹುಲ್ಲು, ನೀರು ಅಷ್ಟೇ. ನಿಂತಲ್ಲೇ ನಿಂತ ಕುದುರೆಗೆ ಕಾಳು, ಸಿಹಿ ಜಾಸ್ತಿಯಾದರೆ ಅದು ಗೊರಸಿಗೆ ಇಳಿಯುತ್ತದಂತೆ. ಅದನ್ನು ಅವ್ವನಿಗೆ ಹೇಗೆ ಹೇಳೋದು? ಹೋಳಿಗೆ ಕೊಟ್ಟರೆ ಕಾಲು ಹೋಗ್ತದೆ ಅಂದರೆ ಯಾರು ನಂಬ್ತಾರೆ?

ಇದನ್ನು ಓದುವವರಿಗೆ ಹಿಂದಿನದ್ದು ಹೇಳಬೇಕು. ಹೇಳೋಕೆ ಮನಸ್ಸಿಲ್ಲ. ಅದಕ್ಕೇ ಇಷ್ಟು ದಿನ ಇಲ್ಲಿ ಬರೆದಿರಲಿಲ್ಲ.

ಮೇ 18ಕ್ಕೆ ತಮ್ಮನ ಮದುವೆ. ಮೆರವಣಿಗೆಗೆ ಚಾಚಾನ ಕುದುರೆ ಚಾಂದನಿ. ಹನ್ನೊಂದು ವರ್ಷದ ಹೆಣ್ಣು ಕುದುರೆ. ನಾಲ್ಕು ವರ್ಷದ ಹಿಂದೆ ಹೈದರಾಬಾದಿನಿಂದ ತಂದಿದ್ದು. ಮಲಕಪೇಟೆಯ ರೇಸ್ ಕೋರ್ಸಿನಲ್ಲಿ ಓಡಿದ ಕುದುರೆ. ಗೆಲ್ಲೋದು ನಿಂತ ಮೇಲೆ ರೇಸು ಕುದುರೆ ಯಾರಿಗೂ ಬೇಡ, ಕೈಯಿಂದ ಕೈಗೆ ಬಂದು ಇಲ್ಲಿಗೆ ಮುಟ್ಟಿತು. ಆಗ ಬೂದಿ ಬಣ್ಣ ಇತ್ತಂತೆ, ಈಗ ಹಾಲು ಬಿಳುಪು. ಬೂದು ಕುದುರೆಗಳು ವಯಸ್ಸಾದ ಹಾಗೆ ಬೆಳ್ಳಗಾಗ್ತವೆ, ಮನುಷ್ಯರ ಕೂದಲಿನ ಹಾಗೆ. ಮದುವೆಗೆ ಬಿಳಿ ಕುದುರೆಯೇ ಬೇಕು ಅಲ್ವಾ, ಹಾಗಾಗಿ ಮುಪ್ಪು ಬಂದ ಮೇಲೆ ಅದಕ್ಕೆ ಬೆಲೆ ಬಂತು.

ಮೆರವಣಿಗೆ ಊರ ನಡುವಿನ ಹಳೇ ಗೋಪುರ ಚೌಬಾರಾ ದಾಟಿತ್ತು. ಡಿಜೆ ಗಾಡಿ ಹತ್ತು ಹೆಜ್ಜೆ ಮುಂದೆ. ರೀಲ್ಸ್ ಮಾಡಬೇಕು, ಇನ್ನೊಂದು ಸಲ ಕುದುರೆ ಕುಣಿಸಿರಿ ಅಂತ ಕೂಗಿದ್ದು ನಾನು. ಚಾಚಾ ಬೇಡ ಅಂದರು, "ದಣದಾಳ ಬೇಟಾ" ಅಂದರು. ನಾನು ಕೇಳಲಿಲ್ಲ. ಅಷ್ಟರಲ್ಲಿ ಯಾರೋ ಪಟಾಕಿ ಸರಕ್ಕೆ ಬೆಂಕಿ ಇಟ್ಟರು. ಚಾಂದನಿ ಪಕ್ಕಕ್ಕೆ ಜಿಗಿಯಿತು. ಚರಂಡಿ ಮೇಲಿನ ಕಲ್ಲುಚಪ್ಪಡಿ ಒಡೆದಿತ್ತು. ಎಡಗಡೆಯ ಮುಂಗಾಲು ಒಳಗೆ ಹೋಯಿತು.

ತಮ್ಮ ಬಿದ್ದ. ಪೇಟಾ ಜಾರಿತು, ಅಷ್ಟೇ. ನಾವೆಲ್ಲ ಓಡಿದ್ದು ಅವನ ಕಡೆಗೆ. ಕುದುರೆಯನ್ನು ಯಾರು ಎಬ್ಬಿಸಿದರು, ಹೇಗೆ ಕರ್ಕೊಂಡು ಹೋದರು, ಒಂದೂ ನನಗೆ ನೆನಪಿಲ್ಲ. ಕಾರಿನಲ್ಲಿ ಮೆರವಣಿಗೆ ಮುಂದುವರಿಯಿತು. ಮರುದಿನ ಅಪ್ಪ ಮಾತಾಡಿದಷ್ಟು ದುಡ್ಡು ಪೂರ್ತಿ ಕೊಟ್ಟು ಬಂದರು. ನಮ್ಮ ಲೆಕ್ಕ ಮುಗಿಯಿತು ಅಂದುಕೊಂಡೆವು.

ಎಂಟನೇ ದಿನ ಬ್ಲೌಸ್ ಹೊಲಿಯಲು ಕೊಡೋಕೆ ಚಾಚಿ ಹತ್ತಿರ ಹೋದೆ. ಹಿತ್ತಲಿನ ತಬೇಲಾದಲ್ಲಿ ಚಾಂದನಿ ಮೂರು ಕಾಲ ಮೇಲೆ ನಿಂತಿತ್ತು. ನಾಲ್ಕನೆಯದ್ದು ನೆಲಕ್ಕೆ ತಾಗಿಯೂ ತಾಗದ ಹಾಗೆ. ನನ್ನನ್ನು ನೋಡಿ ಕಿವಿ ಮುಂದೆ ಮಾಡಿತು. ಅದಕ್ಕೆ ನನ್ನ ಮೇಲೆ ಏನೂ ಸಿಟ್ಟಿರಲಿಲ್ಲ. ಅದೇ ತಡ್ಕೊಳ್ಳೋಕೆ ಆಗಲಿಲ್ಲ.

ಅವತ್ತಿನಿಂದ ದಿನಾ ಹೋಗ್ತೀನಿ. ಬೆಳಿಗ್ಗೆ ಇಪ್ಪತ್ತು ನಿಮಿಷ ಪೈಪು ಹಿಡಿದು ಆ ಕಾಲಿಗೆ ತಣ್ಣೀರು ಬಿಡೋದು ನನ್ನ ಕೆಲಸ. ಸಂಜೆ ಮತ್ತೆ ಇಪ್ಪತ್ತು ನಿಮಿಷ. ಮೊದಲೆರಡು ದಿನ ಹೆದರಿಕೆ ಇತ್ತು. ಈಗ ನೀರು ಬಿಡುವಾಗ ಅದು ನನ್ನ ಹೆಗಲ ಮೇಲೆ ಗದ್ದ ಇಟ್ಟು ಕಣ್ಣು ಮುಚ್ಚುತ್ತದೆ. ಕುದುರೆಯ ತಲೆ ಎಷ್ಟು ಭಾರ ಇರುತ್ತದೆ ಅಂತ ಹೆಗಲಿಗೆ ಗೊತ್ತಾಗಿದೆ.

ಎಲುಬು ಮುರಿದಿಲ್ಲ, ಅದೊಂದು ಪುಣ್ಯ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರೋದೇ ನಮ್ಮೂರಿನ ನಂದಿನಗರದಲ್ಲಿ. ಅಲ್ಲಿ ಓದಿದ ಒಬ್ಬ ಹುಡುಗ ಡಾಕ್ಟರು ಬಂದು ನೋಡ್ತಾರೆ. ಎಕ್ಸ್‌ರೇ, ಸ್ಕ್ಯಾನ್ ಎರಡೂ ಆಯಿತು. ಕಾಲಿನ ಹಿಂಭಾಗದ ಟೆಂಡನ್ ಹರಿದಿದೆ. ನಾವು ನರ ಅಂತೀವಲ್ಲ, ಅದು. ಕುದುರೆಗೆ ಮುಂಗಾಲಿನ ಮೊಣಕಾಲಿಂದ ಕೆಳಗೆ ಮಾಂಸಖಂಡವೇ ಇಲ್ಲ ಅಂತ ನನಗೆ ಗೊತ್ತಾಗಿದ್ದೇ ಅವತ್ತು. ಎಲುಬು, ಹಗ್ಗದಂಥ ಟೆಂಡನ್, ಮೇಲೆ ಚರ್ಮ. ರಕ್ತ ಹರಿಯೋದೂ ಕಮ್ಮಿ, ಹಾಗಾಗಿ ಗಾಯ ಮಾಯೋದು ನಿಧಾನ. ಐನೂರು ಕಿಲೋ ಹತ್ತಿರದ ಮೈ, ಅದರಲ್ಲಿ ನೂರಕ್ಕೆ ಅರವತ್ತು ಪಾಲು ಮುಂಗಾಲುಗಳ ಮೇಲೇ. ನಾಗಾಲೋಟದಲ್ಲಿ ಒಂದು ಕ್ಷಣ ಇಡೀ ಕುದುರೆ ಒಂದೇ ಕಾಲಿನ ಮೇಲೆ ಇರುತ್ತದೆ, ಆಗ ಬೀಳುವ ಭಾರ ಮೈತೂಕದ ಎರಡು ಪಟ್ಟಿಗಿಂತ ಜಾಸ್ತಿ. ನಮ್ಮ ಮಣಿಕಟ್ಟಿಗಿಂತ ಸ್ವಲ್ಪ ದಪ್ಪ ಇರುವ ಕಾಲಿಗೆ ಇಷ್ಟೆಲ್ಲ.

ಒಂಬತ್ತು ತಿಂಗಳಾದರೂ ಬೇಕು, ವರ್ಷವೂ ಆಗಬಹುದು ಅಂದರು ಡಾಕ್ಟರು. ಅಂದರೆ ಈ ವರ್ಷದ ದುಡಿಮೆ ಹೋಯಿತು.

ಓಣಿಯವರೊಬ್ಬರು ಒಂದು ಸೂಜಿ ಹಾಕಿಸಿಬಿಡ್ರಿ, ಅದರ ನರಳಾಟ ತಪ್ಪಲಿ ಅಂದರು. ಅವರು ಕೆಟ್ಟವರಲ್ಲ. ವಾಸಿಯಾಗದ ಪೆಟ್ಟಿನಲ್ಲಿ ಪ್ರಾಣಿಯನ್ನು ಉಳಿಸಿಕೊಳ್ಳೋದೇ ಕ್ರೌರ್ಯ ಅನ್ನುವ ಹಾಗಿದ್ದರೆ ಅದರ ಜೀವ ತೆಗೆಯೋಕೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೇ ದಾರಿ ಕೊಟ್ಟಿದೆ. ಆದರೆ ಇದು ಆ ಪೆಟ್ಟಲ್ಲ ಅಂತ ಡಾಕ್ಟರು ಹೇಳಿದರು. ತಿನ್ನುತ್ತಿದೆ, ಮಲಗುತ್ತಿದೆ, ತಾನೇ ಏಳುತ್ತಿದೆ. ದಲ್ಲಾಳಿಯೊಬ್ಬ ಎರಡು ಸಲ ಬಂದು ರೇಟು ಹೇಳಿ ಹೋದ. ಕುಂಟು ಕುದುರೆಯನ್ನು ಎಲ್ಲಿಗೆ ಒಯ್ತಾನೆ ಅಂತ ಚಾಚಾ ಕೇಳಲಿಲ್ಲ, ಚಹಾ ಕುಡಿಸಿ ಕಳಿಸಿದರು.

ನಾನು ಒಂದು ದಿನ ಕೇಳಿದೆ. ಚಾಚಾ, ನೀವು ಯಾವಾಗಲೂ ಬಲಗಾಲನ್ನೇ ಮುಟ್ಟಿ ನೋಡ್ತೀರಲ್ಲ, ಪೆಟ್ಟು ಬಿದ್ದಿದ್ದು ಎಡಗಾಲಿಗೆ ಅಲ್ವಾ?

"ಕೆಟ್ಟ ಕಾಲು ಡಾಕ್ಟರ್ ಸಾಬ್ ನೋಡ್ತಾರ ಬೇಟಾ. ನಾ ಛಲೋ ಕಾಲು ನೋಡ್ಕೋತ ಕೂಡ್ತೀನಿ. ಕುದುರಿ ಸಾಯೋದು ಛಲೋ ಕಾಲಿಂದ."

ಏನೋ ಹಳೇ ಕಾಲದ ಮಾತು ಅಂದುಕೊಂಡಿದ್ದೆ. ಡಾಕ್ಟರನ್ನು ಕೇಳಿದರೆ ಅವರು ಮೊಬೈಲಿನಲ್ಲಿ ಒಂದು ಕುದುರೆಯ ಫೋಟೋ ತೋರಿಸಿದರು. ಬಾರ್ಬರೋ. ಅಮೆರಿಕದ್ದು. 2006ರ ಮೇ 6ರಂದು ಕೆಂಟಕಿ ಡರ್ಬಿಯನ್ನು ಆರೂವರೆ ಕುದುರೆಯುದ್ದದ ಅಂತರದಲ್ಲಿ ಗೆದ್ದಿತ್ತು. ಎರಡು ವಾರಕ್ಕೆ, ಮೇ 20ರಂದು, ಬಾಲ್ಟಿಮೋರಿನ ಪ್ರೀಕ್ನೆಸ್ ರೇಸಿನಲ್ಲಿ ಬಲಗಡೆಯ ಹಿಂಗಾಲು ಮುರಿಯಿತು. ಜಾಕಿ ಎಡ್ಗರ್ ಪ್ರಾಡೊ ಕೆಳಗೆ ಜಿಗಿದು, ಕುದುರೆ ಆ ಕಾಲು ಊರದ ಹಾಗೆ ಹಿಡ್ಕೊಂಡು ನಿಂತ. ಒಂದೇ ಎಲುಬು 20ಕ್ಕಿಂತ ಜಾಸ್ತಿ ಚೂರಾಗಿತ್ತು. ಮರುದಿನ ಪೆನ್ಸಿಲ್ವೇನಿಯಾದಲ್ಲಿ ಡೀನ್ ರಿಚರ್ಡ್‌ಸನ್ ಅನ್ನುವ ಡಾಕ್ಟರು ಒಂದು ಪ್ಲೇಟು, 27 ಸ್ಕ್ರೂ ಹಾಕಿ ಜೋಡಿಸಿದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನದು. ಆಪರೇಷನ್ ಆದ ಕುದುರೆಯನ್ನು ನೀರಿನ ಕೊಳದಲ್ಲಿ, ರಬ್ಬರ್ ತೆಪ್ಪದಲ್ಲಿ ಕಾಲು ಇಳಿಬಿಟ್ಟು ಎಚ್ಚರ ಮಾಡಿದರಂತೆ. ಯಾಕೆಂದರೆ ಕುದುರೆಗೆ ಎಚ್ಚರ ಆದ ಕೂಡಲೇ ಓಡಬೇಕು ಅನ್ನಿಸುತ್ತದೆ. 1975ರಲ್ಲಿ ರಫಿಯನ್ ಅನ್ನುವ ಹೆಣ್ಣು ಕುದುರೆಯ ಮುಂಗಾಲು ಮುರಿದಿತ್ತು. ಆಪರೇಷನ್ ಮುಗಿದು ಮಂಪರು ಇಳಿಯುತ್ತಿದ್ದಂತೆ ಅದು ಮಲಗಿದಲ್ಲೇ ಕಾಲು ಝಾಡಿಸಿತು, ಇನ್ನೂ ರೇಸಿನಲ್ಲೇ ಇದ್ದ ಹಾಗೆ. ಸರಿಮಾಡಿದ್ದೆಲ್ಲ ಮತ್ತೆ ಕೆಟ್ಟಿತು. ಅವತ್ತೇ ಅದನ್ನು ಕಳೆದುಕೊಂಡರು. ಬಾರ್ಬರೋಗೆ ಹಾಗಾಗಲಿಲ್ಲ. ನೀರು ಅದನ್ನು ಕಾಪಾಡಿತು. ಜನ ಆಸ್ಪತ್ರೆಗೆ ಸೇಬು, ಗಜ್ಜರಿ, ಬೇಗ ಗುಣವಾಗು ಅನ್ನುವ ಕಾರ್ಡು ಕಳಿಸಿದರು. ಅವರಲ್ಲಿ ಅದರ ಮೇಲೆ ಬಾಜಿ ಕಟ್ಟಿದವರೂ ಇದ್ದಿರಬೇಕು. ಮೊದಲು ಓಡಿಸೋದು, ಆಮೇಲೆ ಸೇಬು ಕಳಿಸೋದು. ನಾನೇನು ಬೇರೆ ಮಾಡ್ತಾ ಇದ್ದೀನಿ?

ಜುಲೈ ಬರುವ ಹೊತ್ತಿಗೆ ಮುರಿದ ಕಾಲು ಕೂಡಿಕೊಳ್ಳುತ್ತಿತ್ತು. ಆಗ ಕೈಕೊಟ್ಟಿದ್ದು ಎಡಗಡೆಯ ಹಿಂಗಾಲು, ಅಂದರೆ ಛಲೋ ಕಾಲು. ಎರಡು ಕಾಲಿನ ಭಾರ ಒಂದೇ ಹೊತ್ತರೆ ಗೊರಸಿನೊಳಗೆ ರಕ್ತ ಸರಿಯಾಗಿ ಆಡೋದಿಲ್ಲ. ಗೊರಸಿನ ಗೋಡೆಗೂ ಒಳಗಿನ ಎಲುಬಿಗೂ ಇರುವ ಬೆಸುಗೆ ಬಿಡುತ್ತದೆ, ನಮಗೆ ಉಗುರು ಕಿತ್ತು ಬಂದ ಹಾಗೆ. ಲ್ಯಾಮಿನೈಟಿಸ್ ಅಂತಾರೆ. ಗೊರಸಿನ ಹೊರಗೋಡೆಯ ಹೆಚ್ಚಿನ ಭಾಗವನ್ನು ಕತ್ತರಿಸಿ ತೆಗೆದರು. ತಿಂಗಳುಗಟ್ಟಲೆ ನೋಡಿದರು. ಕೊನೆಗೆ ಮುಂಗಾಲುಗಳಿಗೂ ಅದೇ ಬಂತು. 2007ರ ಜನವರಿ 29ರಂದು ಮಾಲೀಕರು ಸಾಕು ಅಂದರು. ಈಗ ಕೆಂಟಕಿಯ ಚರ್ಚಿಲ್ ಡೌನ್ಸ್ ರೇಸ್ ಕೋರ್ಸಿನ ಬಾಗಿಲ ಮುಂದೆ ಅದರ ಕಂಚಿನ ಪ್ರತಿಮೆ ಇದೆ. ಓಡುವ ಭಂಗಿ. ನಾಲ್ಕು ಕಾಲೂ ನೆಲದ ಮೇಲಿಲ್ಲ.

ಅಷ್ಟು ದುಡ್ಡು, ಅಂಥ ಡಾಕ್ಟರು, ಅಂಥ ಆಸ್ಪತ್ರೆ ಇದ್ದೂ ಆಗದ್ದು, ಹೈದರಾಬಾದಿನ ಹುಸೇನಿ ಆಲಂ ಕಡೆಯಿಂದ ಯಾವಾಗಲೋ ಬಂದು ಇಲ್ಲಿ ನೆಲೆಸಿದ ಒಬ್ಬ ಟಾಂಗಾವಾಲಾನ ಮಗನಿಗೆ, ನಮ್ಮ ಚಾಚಾನಿಗೆ, ಗೊತ್ತಿತ್ತು. ಓದಿ ತಿಳಿದಿದ್ದಲ್ಲ. ಅವರಪ್ಪನ ಕುದುರೆಯೊಂದು ಹಾಗೇ ಹೋಗಿತ್ತಂತೆ.

ಈ ಸೀಮೆಗೂ ಕುದುರೆಗೂ ಹಳೇ ಲೆಕ್ಕ ಇದೆ. 1470ರ ಆಸುಪಾಸಿನಲ್ಲಿ ರಷ್ಯಾದ ವ್ಯಾಪಾರಿ ಅಫಾನಾಸಿ ನಿಕಿತಿನ್ ಒಂದು ಗಂಡು ಕುದುರೆ ಮಾರಲು ತಂದಿದ್ದ. ಈಗಿನ ಮಹಾರಾಷ್ಟ್ರದ ಜುನ್ನರಿನಲ್ಲಿ ಅಲ್ಲಿನ ಅಧಿಕಾರಿ ಖಾನ ಅದನ್ನು ಕಿತ್ಕೊಂಡು ಆಮೇಲೆ ವಾಪಸ್ ಕೊಟ್ಟ. ಕೊನೆಗೆ ಅದನ್ನು ಮಾರಿದ್ದು ನಮ್ಮ ಬೀದರಿನಲ್ಲಿ. ಆಳಂದದ ಸಂತೆಗೆ 20,000 ಕುದುರೆ ಬರ್ತವೆ ಅಂತ ಬರೆದಿಟ್ಟಿದ್ದಾನೆ. ಈ ನಾಡಿನಲ್ಲಿ ಕುದುರೆ ಹುಟ್ಟೋದಿಲ್ಲ, ಎತ್ತು ಎಮ್ಮೆ ಹುಟ್ತವೆ ಅಂತಲೂ ಬರೆದಿದ್ದಾನೆ. ಚಾಚಾನಿಗೆ ಹೇಳಿದೆ. ಅವರು ಕೇಳಿದ್ದು ಒಂದೇ, ಆ ಕುದುರೆ ತಗೊಂಡವ ಛಲೋ ನೋಡ್ಕೊಂಡನೇನು?

ದುಡ್ಡಿನ ವಿಷಯ ಬರೆಯಬಾರದು ಅಂದುಕೊಂಡಿದ್ದೆ, ಇರಲಿ. ಹತ್ತು ಸಾವಿರ ತಗೊಂಡು ಹೋಗಿದ್ದೆ. ಚಾಚಾ ಮುಟ್ಟಲಿಲ್ಲ. "ನಿಮ್ಮಪ್ಪ ಕೊಟ್ಟಾರ, ಮುಗೀತು" ಅಂದರು. ಹೊರಗೆ ಬರುವಾಗ ಚಾಚಿ ಸುಮ್ನೆ ಕೈ ಚಾಚಿದರು. ತಗೊಂಡು, ನೋಟ್‌ಬುಕ್ಕಿನಲ್ಲಿ ನನ್ನ ಹೆಸರಿನ ಮುಂದೆ ಬರೆದುಕೊಂಡರು. ಬ್ಲೌಸ್ ಹೊಲಿಗೆ, ಅಡ್ವಾನ್ಸ್. ಅಂದರೆ ಇನ್ನೆಷ್ಟು ಬ್ಲೌಸು ಅವರು ನನಗೆ ಹೊಲಿಯಬೇಕು? ಬೇಡ ಅಂದರೆ ದುಡ್ಡು ವಾಪಸ್ ಕೊಡ್ತಾರೆ. ಹೊಲಿಸಿಕೊಂಡರೆ ಅವರ ಮೊಣಕಾಲು ಹೋಗುತ್ತದೆ. ಈಗಲೇ ಮೆಟ್ಟಿಲು ಹತ್ತುವಾಗ ಗೋಡೆ ಹಿಡೀತಾರೆ. ಕಾಲಲ್ಲಿ ತುಳಿಯುವ ಹಳೇ ಮಿಷನ್ನು.

ಇವತ್ತು ಸಂಜೆ ಕರಿ ಹರಿದರು, ಅಂದರೆ ಎತ್ತುಗಳನ್ನು ಓಡಿಸಿದರು. ಬಣ್ಣ ಬಳಿದ ಕೋಡು, ಗೆಜ್ಜೆ, ಹಲಗೆ ಸದ್ದು. ಮೊದಲು ಓಡಿಬಂದಿದ್ದು ಬಿಳಿ ಎತ್ತು. ಹಾಗಾದರೆ ಹಿಂಗಾರಿ ಜೋಳ ಛಲೋ ಬರ್ತದೆ ಅಂತ ಅಪ್ಪ ಖುಷಿಯಾಗಿದ್ದರು. ಹಲಗೆ ಸದ್ದಿಗೆ ಚಾಂದನಿ ಎಲ್ಲಿ ಬೆದರುತ್ತೋ ಅಂತ ನಾನು ತಬೇಲಾಕ್ಕೆ ಓಡಿದೆ. ಚಾಚಾ ಆಗಲೇ ಅದರ ಕಿವಿಗೆ ಹತ್ತಿ ತುರುಕಿ, ಕುತ್ತಿಗೆ ತಬ್ಬಿ ನಿಂತಿದ್ದರು. ಮೇ 18ರಂದೂ ಹತ್ತಿ ತುರುಕಿದ್ದರಂತೆ. ಫೋಟೋದಲ್ಲಿ ಕಾಣ್ತದೆ ಅಂತ ನಮ್ಮವರೇ ಯಾರೋ ತೆಗೆಸಿದ್ದರು. ಇದು ನನಗೆ ಇವತ್ತೇ ಗೊತ್ತಾಗಿದ್ದು. ಚಾಚಾ ಅದನ್ನು ದೂರಿನ ಹಾಗೆ ಹೇಳಲಿಲ್ಲ, ಮಾತಿಗೆ ಬಂತು, ಹೇಳಿದರು.

ಸದ್ದು ದೂರ ಹೋದ ಮೇಲೆ ನೆಲದ ಮೇಲೆ ಕೂತೆ. ಮರಳು ಹಾಸಿದ್ದಾರೆ, ಮೆತ್ತಗಿದೆ. ಛಲೋ ಕಾಲಿಗೂ ಪಟ್ಟಿ ಕಟ್ಟಿದೆ, ಆಸರೆಗೆ. ಗೊರಸಿನ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ಪಟ್ಟಿಯ ಕೆಳಗೆ, ಗೊರಸಿನ ಸ್ವಲ್ಪ ಮೇಲೆ, ಹಿಂಬದಿಯಲ್ಲಿ ಎರಡು ಬೆರಳಿಟ್ಟು ನಾಡಿ ಹುಡುಕು ಅಂದರು ಚಾಚಾ. ಹುಡುಕಿದೆ. ಬೆರಳು ಆಚೆ ಈಚೆ ಸರಿಸಿದೆ. ಐದು ನಿಮಿಷ ಆಯಿತು.

"ಸಿಗವಲ್ದು ಚಾಚಾ."

"ಸಿಗವಲ್ದಾ? ಹಂಗಿದ್ರ ಛಲೋ. ಢಬಢಬ ಅಂತ ಬೆರಳಿಗೆ ಹೊಡದ್ರ ಹೆದರಬೇಕು."

ಆಮೇಲೆ ಮಳೆ ಶುರುವಾಯಿತು, ಮಿರಗದ ಮಳೆ. ಮನೆಗೆ ಬಂದೆ. ಕರೆಂಟು ಹೋಗಿ ಬಂತು. ಈಗ ಓಣಿಯೆಲ್ಲ ಮಲಗಿದೆ, ಚಾಚಿಯ ಮಿಷನ್ ಸದ್ದು ಮಾತ್ರ ಇಲ್ಲಿಗೆ ಕೇಳ್ತಾ ಇದೆ. ನಾಳೆ ಬೆಳಿಗ್ಗೆ ಆರಕ್ಕೆ ನೀರು ಬಿಡಬೇಕು.