ಲವ್‌ಕ್ರಾಫ್ಟ್ ಓದಿದ್ದಾಯ್ತು, ಈಗ ಯಾವ ಸಿನಿಮಾ ನೋಡಲಿ?

ಅಮೆರಿಕದ ಭಯಾನಕ ಕಥೆಗಾರ ಎಚ್. ಪಿ. ಲವ್‌ಕ್ರಾಫ್ಟ್ ಕಥೆಗಳನ್ನು ಯಾರಿಗಾದರೂ ಓದೋಕೆ ಕೊಟ್ಟರೆ, ಸ್ವಲ್ಪ ದಿನಕ್ಕೇ ಈ ಪ್ರಶ್ನೆ ಬರುತ್ತದೆ: 'ಇವುಗಳ ಮೇಲೆ ಬಂದಿರೋ ಒಳ್ಳೆ ಸಿನಿಮಾ ಯಾವುದು?' ಹಾಲಿವುಡ್ಡಿನ ಯಾವುದೋ ದೊಡ್ಡ ಹೆಸರು ಹೇಳುತ್ತೇನೆ ಅಂತ ಕಾಯುತ್ತಿರುತ್ತಾರೆ. ನಾನು ಹೇಳುವುದು ಅಭಿಮಾನಿಗಳು ಸೇರಿ 2005ರಲ್ಲಿ ಮಾಡಿದ 'ದ ಕಾಲ್ ಆಫ್ ಕ್ಥುಲು'. 47 ನಿಮಿಷ. ಕಪ್ಪು ಬಿಳುಪು. ಅದೂ ಮೂಕಿ. ಕೇಳಿದವರ ಮುಖ ಸಪ್ಪಗಾಗುತ್ತದೆ. ಆದರೂ ನನ್ನ ಉತ್ತರ ಅದೇ.

ಇದನ್ನು ಮಾಡಿದ್ದು ಎಚ್. ಪಿ. ಲವ್‌ಕ್ರಾಫ್ಟ್ ಹಿಸ್ಟಾರಿಕಲ್ ಸೊಸೈಟಿ ಎನ್ನುವ ಅಮೆರಿಕದ ಗುಂಪು. ಹೆಸರು ಕೇಳಿ ಬೆಚ್ಚಬೇಡಿ. ಇವರು ಈ ಕಥೆಗಳನ್ನು ವೇಷ ಹಾಕಿಕೊಂಡು ಆಡುತ್ತಿದ್ದ ಗೆಳೆಯರು. ಮೂಲ ಕಥೆ ಬರೆದದ್ದು 1926ರಲ್ಲಿ, 'ವಿಯರ್ಡ್ ಟೇಲ್ಸ್' ಪತ್ರಿಕೆಯಲ್ಲಿ ಅಚ್ಚಾದದ್ದು 1928ರಲ್ಲಿ. ಆಗಲೇ ಯಾರಾದರೂ ಇದನ್ನು ಸಿನಿಮಾ ಮಾಡಿದ್ದರೆ ಹೇಗಿರುತ್ತಿತ್ತೋ ಹಾಗೇ ಮಾಡೋಣ ಅಂತ ಹೊರಟರು. ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದು, ಆಮೇಲೆ ಹಳೇ ರೀಲಿನ ಗೀರುಗಳನ್ನು ಬೇಕೆಂದೇ ಸೇರಿಸಿದರು.

ಕಥೆಯ ಕೊನೆಯಲ್ಲಿ ಕ್ಥುಲು ಎಂಬ ದೈತ್ಯ ಜೀವಿ ಮಲಗಿರುವ ಊರೊಂದು ಸಮುದ್ರದಿಂದ ಮೇಲೇಳುತ್ತದೆ. ಅಲ್ಲಿನ ಗೋಡೆ, ಮೂಲೆ ಯಾವುದೂ ನಮ್ಮ ಲೆಕ್ಕಕ್ಕೆ ಸಿಗುವುದಿಲ್ಲ. ಓಡುತ್ತಿದ್ದ ನಾವಿಕನೊಬ್ಬ ಜಾರುತ್ತಾನೆ, ಕಲ್ಲಿನ ಒಂದು ಮೂಲೆ ಅವನನ್ನು ನುಂಗಿಬಿಡುತ್ತದೆ. ನೋಡೋಕೆ ಅದು ಲಘುಕೋನ, ಆದರೆ ವಿಶಾಲಕೋನದ ಥರ ನಡೆದುಕೊಳ್ಳುತ್ತದೆ! ಇದನ್ನು ಕಂಪ್ಯೂಟರಿನಲ್ಲಿ ಹೇಗೆ ಬಿಡಿಸುತ್ತೀರಿ? ಎಷ್ಟು ನೀಟಾಗಿ ಬಿಡಿಸುತ್ತೀರೋ ಅಷ್ಟೂ ಅದು ಬರೀ ಮೂಲೆಯಾಗುತ್ತದೆ. ಈ ಗೆಳೆಯರು ಹಳೇ ಜರ್ಮನ್ ಮೂಕಿ ಚಿತ್ರಗಳ ಹಾಗೆ ಸೊಟ್ಟಗೋಡೆಗಳ ಸೆಟ್ ಹಾಕಿ, ಬೆಳಕು ನೆರಳು ಹಾಯಿಸಿ ಕೈತೊಳೆದುಕೊಂಡರು. ಉಳಿದದ್ದು ನೋಡುವವರ ತಲೆಗೆ ಬಿಟ್ಟದ್ದು.

ಲವ್‌ಕ್ರಾಫ್ಟ್‌ಗೆ ಇದು ಯಾಕೆ ಹೊಂದುತ್ತದೆ ಅಂದರೆ, ನಮ್ಮ ದೆವ್ವಗಳಿಗೆ ನಮ್ಮ ಮೇಲೆ ಏನೋ ಒಂದು ಸಿಟ್ಟಿರುತ್ತದೆ. ತೀರದ ಆಸೆ, ಹಳೇ ಸೇಡು, ಏನಾದರೂ. ಅವನ ಲೋಕದ ಜೀವಿಗಳಿಗೆ ನಾವು ಇದ್ದೇವೆ ಅನ್ನೋದೂ ಲೆಕ್ಕಕ್ಕಿಲ್ಲ. ಭಯ ಇರುವುದು ಆ ಅಸಡ್ಡೆಯಲ್ಲಿ. ಪೂರ್ತಿ ತೋರಿಸಿದರೆ ಅದು ಸುಮ್ನೆ ಒಂದು ದೊಡ್ಡ ಪ್ರಾಣಿ. ದುಡ್ಡಿದ್ದವರಿಗೆ ತೋರಿಸದೆ ಇರೋಕೆ ಆಗಲ್ಲ.

ಜರ್ಮನಿಯ 'ದಿ ಫಾರ್ಬೆ' (2010, ನಿರ್ದೇಶಕ ಹುವಾನ್ ವು) ಇನ್ನೂ ಜಾಣತನದ್ದು. ಮೂಲ ಕಥೆಯಲ್ಲಿ ಒಂದು ತೋಟದ ಮನೆ ಹತ್ತಿರ ಉಲ್ಕೆ ಬೀಳುತ್ತದೆ. ಅದರ ಜೊತೆ ಒಂದು ಬಣ್ಣ ಬರುತ್ತದೆ, ಭೂಮಿಯ ಮೇಲೆ ಇಲ್ಲದ ಬಣ್ಣ. ಇಲ್ಲದ ಬಣ್ಣವನ್ನು ಪರದೆ ಮೇಲೆ ಎಲ್ಲಿಂದ ತರುವುದು? ವು ಇಡೀ ಚಿತ್ರವನ್ನು ಕಪ್ಪು ಬಿಳುಪಿನಲ್ಲಿ ತೆಗೆದು, ಆ ಒಂದಕ್ಕೆ ಮಾತ್ರ ಬಣ್ಣ ಕೊಟ್ಟ. ಅಷ್ಟೇ! ಇದೇ ಕಥೆ 2019ರಲ್ಲಿ ಹಾಲಿವುಡ್ ನಟ ನಿಕೋಲಸ್ ಕೇಜ್ ಇಟ್ಟುಕೊಂಡು ಮತ್ತೆ ಬಂತು, ತೆರೆ ತುಂಬಾ ಮೆಜೆಂಟಾ. ಕೇಜ್ ಅಲ್ಪಾಕಾ ಎಂಬ ಉಣ್ಣೆ ಪ್ರಾಣಿ ಸಾಕಿಕೊಂಡಿರೋದು ನನಗೂ ಮಜಾ ಕೊಟ್ಟಿತು. ಭಯ ಮಾತ್ರ ಆಗಲಿಲ್ಲ.

ಅಭಿಮಾನಿಗಳು ಮಾಡಿದ್ದೆಲ್ಲ ಚಿನ್ನ ಅಂತ ಅಲ್ಲ. ಅದೇ ಸೊಸೈಟಿ 2011ರಲ್ಲಿ 'ದ ವಿಸ್ಪರರ್ ಇನ್ ಡಾರ್ಕ್‌ನೆಸ್' ಮಾಡಿತು, 1930ರ ದಶಕದ ಟಾಕಿ ಥರ. ಮೂಲ ಕಥೆ ಓದಿಲ್ಲದವರು ಮುಂದಿನ ಪ್ಯಾರಾಕ್ಕೆ ಹಾರಿ. ಆ ಕಥೆ ಮುಗಿಯುವುದು ಒಂದು ಖಾಲಿ ಕುರ್ಚಿಯಲ್ಲಿ. ಅಲ್ಲಿ ಕೂತು ಮಾತಾಡಿದವನ ಮುಖ ಮತ್ತು ಎರಡು ಕೈ ಮಾತ್ರ ಅದರ ಮೇಲೆ ಬಿದ್ದಿರುತ್ತವೆ. ಅಲ್ಲಿಗೆ ನಿಲ್ಲಿಸಬೇಕಿತ್ತು, ಅಲ್ವಾ? ಸಿನಿಮಾ ಅದನ್ನು ದಾಟಿ ವಿಮಾನ ಹತ್ತಿಸಿ, ಕಂಪ್ಯೂಟರ್ ಜೀವಿಗಳ ಜೊತೆ ಆಕಾಶದಲ್ಲಿ ಹೊಡೆದಾಟಕ್ಕೆ ಬಿಡುತ್ತದೆ. ಮೊದಲ ಒಂದು ಗಂಟೆ ಚೆನ್ನಾಗಿದೆ, ಅಷ್ಟಕ್ಕೆ ನೋಡಿ.

ಆ ಸಿನಿಮಾಗಿಂತ ಸೊಸೈಟಿಯವರ ರೇಡಿಯೊ ನಾಟಕಗಳೇ ವಾಸಿ. ನಿರ್ದೇಶಕ ಗಿಲೆರ್ಮೊ ಡೆಲ್ ಟೊರೊ ಲವ್‌ಕ್ರಾಫ್ಟನ 'ಅಟ್ ದ ಮೌಂಟನ್ಸ್ ಆಫ್ ಮ್ಯಾಡ್‌ನೆಸ್' ಮಾಡಲು ವರ್ಷಗಟ್ಟಲೆ ಓಡಾಡಿದ. ಸುಮಾರು 15 ಕೋಟಿ ಡಾಲರ್ ಖರ್ಚು ಮತ್ತು ವಯಸ್ಕರ ಸರ್ಟಿಫಿಕೇಟು, ಎರಡೂ ಸೇರಿ ಸ್ಟುಡಿಯೊ 2011ರಲ್ಲಿ ಕೈಬಿಟ್ಟಿತು. ಈ ಗೆಳೆಯರು ಅದನ್ನು 2006ರಲ್ಲೇ ಆಡಿಯೊ ನಾಟಕವಾಗಿ ಮಾಡಿ ಮುಗಿಸಿದ್ದರು. ಕಥೆ ನಡೆಯುವ ಅಂಟಾರ್ಕ್ಟಿಕಾ ತೋರಿಸಲು ಗಾಳಿಯ ಸದ್ದು ಸಾಕು.

ಜೊತೆಗೆ ಬರುವ ಇನ್ನೊಂದು ಪ್ರಶ್ನೆ: 'ಬೇರೆಯವರ ಕಥೆ ಹೀಗೆ ಎತ್ತಿಕೊಳ್ಳೋದು ಸರೀನಾ?' ಲವ್‌ಕ್ರಾಫ್ಟನೇ ಇದನ್ನು ಶುರುಮಾಡಿಸಿದ್ದು. ತಾನು ಹುಟ್ಟಿಸಿದ ದೇವರುಗಳನ್ನೂ ಕಲ್ಪಿತ ಪುಸ್ತಕಗಳನ್ನೂ ಗೆಳೆಯರ ಕಥೆಗಳಿಗೆ ಧಾರಾಳವಾಗಿ ಬಿಟ್ಟುಕೊಟ್ಟ. ರಾಬರ್ಟ್ ಬ್ಲಾಕ್ ಎಂಬ ಹುಡುಗ, ಮುಂದೆ 'ಸೈಕೋ' ಕಾದಂಬರಿ ಬರೆದವನು, ಕಥೆಯೊಂದರಲ್ಲಿ ನಿಮ್ಮಂಥ ಪಾತ್ರವನ್ನು ಸಾಯಿಸಲೇ ಅಂತ ಕೇಳಿದ. ಸಾಯಿಸಪ್ಪ ಅಂತ ಈತ ಬರವಣಿಗೆಯಲ್ಲೇ ಅನುಮತಿ ಕೊಟ್ಟ. 1935ರಲ್ಲಿ ಆ ಕಥೆ ಬಂತು. ಮರುವರ್ಷ ಅಚ್ಚಾದ ತನ್ನ ಕಥೆಯಲ್ಲಿ ಲವ್‌ಕ್ರಾಫ್ಟ್ ರಾಬರ್ಟ್ ಬ್ಲೇಕ್ ಎಂಬವನನ್ನು ಮುಗಿಸಿ ಸೇಡು ತೀರಿಸಿಕೊಂಡ.

ಎಲ್ಲರೂ ಇಷ್ಟು ತಮಾಷೆಯಾಗಿ ಸೇಡು ತೀರಿಸಿಕೊಂಡಿಲ್ಲ. ಲವ್‌ಕ್ರಾಫ್ಟ್ ಕಡು ಜನಾಂಗದ್ವೇಷಿ. ನ್ಯೂಯಾರ್ಕಿನ ಬ್ರೂಕ್ಲಿನ್ ಬಡಾವಣೆಯ ವಲಸಿಗರ ಬಗ್ಗೆ ಅವನು ಬರೆದ 'ದ ಹಾರರ್ ಅಟ್ ರೆಡ್ ಹುಕ್' ಓದಿದರೆ ಹೊಟ್ಟೆ ತೊಳಸುತ್ತದೆ. ವಿಕ್ಟರ್ ಲಾವಾಲ್ ಎಂಬ ಕಪ್ಪು ಲೇಖಕ 2016ರಲ್ಲಿ ಅದೇ ಕಥೆಯನ್ನು ಅದೇ ನಗರದ ಹಾರ್ಲೆಮ್ಮಿನ ಕಪ್ಪು ಯುವಕನೊಬ್ಬನ ಕಡೆಯಿಂದ ಹೇಳಿದ, 'ದ ಬ್ಯಾಲಡ್ ಆಫ್ ಬ್ಲ್ಯಾಕ್ ಟಾಮ್' ಅಂತ. ಸಿನಿಮಾ ಕೇಳಿದವರಿಗೂ ನಾನು ಈ ಪುಟ್ಟ ಪುಸ್ತಕ ಕೈಗಿಡುತ್ತೇನೆ. ಅದರ ಅರ್ಪಣೆ ಲವ್‌ಕ್ರಾಫ್ಟ್‌ಗೇ.