ಫಲಕದಲ್ಲಿ ಒಂದು ಪದ ಜಾಸ್ತಿ

ಕೊಪ್ಪಳ
23 ಮಾರ್ಚ್ 2025, ಭಾನುವಾರ ರಾತ್ರಿ

ನಲವತ್ತಮೂರು ಸಹಿ, ಒಂದು ಹೆಬ್ಬೆಟ್ಟು. ಹಿನ್ನೀರಿನ ದಂಡೆಗೆ ನಾಯಿ ತರಬಾರದೆಂಬ ಫಲಕ ತೆಗೆಸಲು ಬರೆದ ಅರ್ಜಿಗೆ ಇವತ್ತಿನವರೆಗಿನ ಲೆಕ್ಕ ಇಷ್ಟು. ಹೆಬ್ಬೆಟ್ಟಿನ ವಿಷಯ ಬರೆಯೋಣವೆಂದು ಒಂಬತ್ತಕ್ಕೇ ಕುಳಿತೆ. ಕರೆಂಟ್ ಹೋಯಿತು, ಬಂತು, ಮತ್ತೆ ಹೋಯಿತು. ಈಗ ಹತ್ತೂ ಮುಕ್ಕಾಲು. ನಮ್ಮ ನಾಯಿ ಮುತ್ತು ತಂಪು ಹುಡುಕಿಕೊಂಡು ಬಚ್ಚಲುಮನೆಯ ಬಾಗಿಲಿಗೆ ಅಡ್ಡ ಮಲಗಿದ್ದಾನೆ. ಅವನನ್ನು ದಾಟಿಕೊಂಡೇ ಓಡಾಡಬೇಕು.

ನಮ್ಮ ದಂಡೆಗೆ ‘ನಾಯಿ ಬೀಚ್’ ಎಂದು ಮೊದಲು ಹೆಸರಿಟ್ಟವರು ಯಾರೋ ನೆನಪಿಲ್ಲ. ಸಮುದ್ರ ನೋಡಬೇಕೆಂದರೆ ಹುಬ್ಬಳ್ಳಿ ದಾಟಿ ಘಟ್ಟ ಇಳಿಯಬೇಕಾದ ಊರಿನವರಿಗೆ ಬೀಚ್ ಎಂಬ ಪದದ ಮೇಲೆ ಸ್ವಲ್ಪ ಆಸೆ ಇದ್ದರೆ ತಪ್ಪೇನು? ನಿಜ ಹೇಳಬೇಕೆಂದರೆ ಅಲ್ಲಿ ಇರುವುದು ಮರಳಲ್ಲ, ಹೂಳು. ತುಂಗಭದ್ರಾ ಜಲಾಶಯ 1953ರಲ್ಲಿ ಮುಗಿದಾಗ ಸುಮಾರು 133 ಟಿಎಂಸಿ ಅಡಿ ನೀರು ಹಿಡಿಯುತ್ತದೆ ಎಂದು ಲೆಕ್ಕ. ಈಗ ಹಿಡಿಯುವುದು 105ರ ಆಸುಪಾಸು. ನಮ್ಮ ನಾಯಿಗಳು ಓಡುವುದು ಆ ವ್ಯತ್ಯಾಸದ ಮೇಲೆಯೇ. ಮಳೆಗಾಲದಲ್ಲಿ ಅಲೆ ಬಡಿಯುವ ಜಾಗದಲ್ಲಿ ಈಗ ಬಿರುಕು ಬಿಟ್ಟ ಕರಿಮಣ್ಣು, ಅದರಾಚೆ ಹುಲ್ಲು, ಅದರಾಚೆ ನೀರು. ಕಳೆದ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಇಡೀ ಜಿಲ್ಲೆ ಉಸಿರು ಬಿಗಿಹಿಡಿದು ಕುಳಿತಿತ್ತು. ಆ ವಾರ ನಾನು ದಿನವೂ ಹೋಗಿ, ನೀರಿನಂಚಿಗೆ ಒಂದು ಕಡ್ಡಿ ನೆಟ್ಟು ಎಷ್ಟು ಇಳಿಯಿತೆಂದು ನೋಡಿಕೊಂಡು ಬರುತ್ತಿದ್ದೆ. ಮುತ್ತು ದಿನವೂ ಆ ಕಡ್ಡಿಯನ್ನು ಕಿತ್ತು ತರುತ್ತಿದ್ದ.

ಫಲಕ ಎದ್ದು ಇವತ್ತಿಗೆ ಹನ್ನೊಂದು ದಿನ. ಹಳದಿ ತಗಡು, ಕೆಂಪು ಅಕ್ಷರ. ಯಾವ ಕಚೇರಿಯ ಹೆಸರೂ ಇಲ್ಲ, ಕೆಳಗೆ ಸಹಿಯೂ ಇಲ್ಲ. ಈ ತಿಂಗಳ ಆರಂಭದಲ್ಲಿ ಸಾಣಾಪುರದ ಕಾಲುವೆ ದಂಡೆಯಲ್ಲಿ ರಾತ್ರಿ ಪ್ರವಾಸಿಗರ ಮೇಲೆ ದಾಳಿ ಆದ ಮೇಲೆ ನೀರಿನ ದಂಡೆ ಎಂದರೆ ಎಲ್ಲರಿಗೂ ಎದೆ ಧಸಕ್ಕೆನ್ನುತ್ತದೆ. ಕತ್ತಲಾದ ಮೇಲೆ ಯಾರೂ ಹೋಗಬಾರದು ಎಂದಿದ್ದರೆ ನಾನೇ ಮೊದಲು ಒಪ್ಪುತ್ತಿದ್ದೆ. ಆದರೆ ಹಾಡಹಗಲಲ್ಲಿ ನಾಯಿ ಬರಬಾರದು ಎಂದರೆ ಯಾರಿಗೆ ಏನು ಕ್ಷೇಮ? ಆ ಸಿಟ್ಟಿನಲ್ಲೇ ಫಲಕದ ಫೋಟೊ ತೆಗೆದು ನಮ್ಮ ಬಳಗಕ್ಕೆಲ್ಲ ಕಳುಹಿಸಿದೆ. ಅದೇ ರಾತ್ರಿ ಅರ್ಜಿ ಬರೆದೆ.

ಸಹಿ ಕೇಳಲು ಮೊದಮೊದಲು ನಾಚಿಕೆಯಾಗುತ್ತಿತ್ತು. ಫೆಬ್ರುವರಿ 24ರಂದು ಕಾರ್ಖಾನೆ ವಿಸ್ತರಣೆ ಬೇಡವೆಂದು ಊರಿಗೆ ಊರೇ ಅಂಗಡಿ ಮುಚ್ಚಿ ಬೀದಿಗಿಳಿದಿತ್ತು. ದೂಳು ಕುಡಿದು ಕೆಮ್ಮುವವರ ಮನೆಗೆ ಹೋಗಿ, ‘ನಮ್ಮ ನಾಯಿ ಈಜಬೇಕು, ಸಹಿ ಹಾಕಿ’ ಎನ್ನಲು ಯಾವ ಮುಖ ಇಟ್ಟುಕೊಂಡು ಹೋಗಲಿ? ಆದರೂ ಜನ ಹಾಕಿದರು. ಗಿರಣಿ ಕಾಕಾ ಹಿಟ್ಟಿನ ಕೈಯಲ್ಲೇ ಸಹಿ ಮಾಡಿ, ‘ನೀರುನಾಯಿಗೆ ಮೀಸಲು, ಊರುನಾಯಿಗೆ ಬೇಲಿಯೇ? ಇದನ್ನು ಬ್ಯಾನರಿನಲ್ಲಿ ಬರೆಸು’ ಎಂದರು. ನೀರುನಾಯಿಗಳ ಸಂರಕ್ಷಣಾ ಮೀಸಲು 2015ರಲ್ಲಿ ಆದದ್ದು ಅಣೆಕಟ್ಟಿನ ಕೆಳಗೆ, ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯಲ್ಲಿ. ನಮ್ಮ ದಂಡೆ ಇರುವುದು ಮೇಲೆ, ಹಿನ್ನೀರಿನಲ್ಲಿ ಎಂದೆ. ‘ಘೋಷಣೆಗೆ ಭೂಗೋಳ ಯಾಕೆ?’ ಎಂದರು. ಅಕ್ಕನ ಮಗ ಸ್ಯಾನ್ ಡಿಯಾಗೊದಿಂದ ವಿಡಿಯೊ ಕಳುಹಿಸಿದ್ದಾನೆ. ಅಲ್ಲಿ 1972ರಿಂದಲೂ ಹಗ್ಗ ಬಿಚ್ಚಿ ನಾಯಿ ಬಿಡಲೆಂದೇ ಒಂದು ಸಮುದ್ರತೀರ ಇದೆಯಂತೆ. ‘ಚಿಕ್ಕಮ್ಮ, ಇದನ್ನು ಅರ್ಜಿಗೆ ಲಗತ್ತಿಸು’ ಎನ್ನುತ್ತಾನೆ. ಕೊಪ್ಪಳದ ಅರ್ಜಿಗೆ ಕ್ಯಾಲಿಫೋರ್ನಿಯಾ ಲಗತ್ತಿಸಿದರೆ ಗುಮಾಸ್ತರು ಚಹಾ ಕುಡಿಯುತ್ತಾ ನಾಲ್ಕು ದಿನ ನಗುತ್ತಾರೆ.

ವಕೀಲ ತಮ್ಮನನ್ನೂ ಕೇಳಿದೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮ ಬೀದಿನಾಯಿಗೆ ಅದರದೇ ಜಾಗ ಕೊಟ್ಟಿದೆ, ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದಲ್ಲೇ ಬಿಡಬೇಕು. ನಿನ್ನ ಸಾಕುನಾಯಿಗೆ ದಂಡೆ ಕೊಡಿ ಎಂದು ಯಾವ ನಿಯಮವೂ ಹೇಳುವುದಿಲ್ಲ ಎಂದ. ಸಹಿ ಮಾತ್ರ ಹಾಕಿದ.

ಹಾಕದವನು ಒಬ್ಬನೇ, ಮೂಲೆಮನೆಯ ಹಕ್ಕಿ ನೋಡುವ ಹುಡುಗ. ಟಿಟ್ಟಿಭ ಈಗ ಬಯಲಿನಲ್ಲೇ ಮೊಟ್ಟೆ ಇಡುತ್ತದೆ, ಗೂಡಿಲ್ಲ, ನಾಲ್ಕು ಕಲ್ಲಿನ ನಡುವೆ ಕಲ್ಲಿನಂತೆಯೇ ಇರುತ್ತವೆ, ನಾಯಿ ಬಂದರೆ ಉಳಿಯುವುದಿಲ್ಲ ಎಂದ. ಮಳೆ ಬರುವವರೆಗೆ ಹಗ್ಗ ಬಿಚ್ಚುವುದಿಲ್ಲ ಎಂದು ಬರೆಯುತ್ತೇನೆ ಎಂದೆ. ಬರೆದ ಮೇಲೆ ಬನ್ನಿ ಎಂದ. ಹತ್ತನೇ ತರಗತಿ ಪರೀಕ್ಷೆಯ ನಡುವೆಯೂ ಎಂಥ ಖಡಕ್ಕು!

ಇವತ್ತು ಬೆಳಿಗ್ಗೆ ಏಳಕ್ಕೆ ಒಬ್ಬಳೇ ಹೋದೆ. ಮುತ್ತುವನ್ನು ಬಿಟ್ಟು ಹೋದದ್ದಕ್ಕೆ ಕಾರಣವೇನೂ ಇರಲಿಲ್ಲ, ಬಿಸಿಲು ಏರುವುದರೊಳಗೆ ನಾಲ್ಕು ಸಹಿ ಮಾಡಿಸಿಕೊಂಡು ಬರುವ ಆತುರ, ಅಷ್ಟೇ. ಈಗ ಅನ್ನಿಸುತ್ತಿದೆ, ಅದೂ ಒಳ್ಳೆಯದೇ ಆಯಿತು. ಅಥವಾ ಕೆಟ್ಟದ್ದೇ ಆಯಿತು.

ಫಲಕದ ನೆರಳಿನಲ್ಲಿ ಕುರಿ ಕಾಯುವ ಅಜ್ಜ ಕುಳಿತಿದ್ದರು. ಮಾರ್ಚಿನಿಂದ ಮಳೆಯವರೆಗೆ ಅವರನ್ನು ಅಲ್ಲಿ ನೀವೂ ನೋಡಿರುತ್ತೀರಿ. ಹೆಗಲ ಮೇಲೆ ಕಂಬಳಿ, ಎರಡು ಕಂದು ನಾಯಿ, ನೂರಕ್ಕೆ ಕಡಿಮೆಯಿಲ್ಲದ ಕುರಿ. ಫಲಕದ ಕಂಬಕ್ಕೆ ಬುತ್ತಿ ಗಂಟು ನೇತುಹಾಕಿದ್ದರು. ಅರ್ಜಿ ತೋರಿಸಿ, ‘ಅಜ್ಜಾ, ನಾಯಿಗಳನ್ನು ಇಲ್ಲಿಗೆ ಬಿಡಬಾರದು ಎಂದು ಫಲಕ ಹಾಕಿದ್ದಾರಲ್ಲ, ಅದನ್ನು ತೆಗೆಸಬೇಕು, ನಿಮ್ಮದೂ ಒಂದು ಗುರುತು ಬೇಕು’ ಎಂದೆ.

‘ಅದನ್ನು ಹಾಕಿಸಿದವನೇ ನಾನು’ ಎಂದರು.

ನನಗೆ ನಗು ಬಂತು. ಅವರಿಗೆ ಬರಲಿಲ್ಲ. ಶಿವರಾತ್ರಿ ಎದುರಿಗಿದ್ದಾಗ ಒಂದು ಸಂಜೆ ಯಾವುದೋ ಸಾಕುನಾಯಿ ಕುರಿಗಳ ಹಿಂದೆ ಬಿತ್ತಂತೆ. ಬಿಳಿ ನಾಯಿ, ಉದ್ದ ಕಾಲು. ಅವರ ನಾಯಿಗಳೆರಡೂ ಆಚೆ ತುದಿಯಲ್ಲಿದ್ದವು. ಕುರಿಗಳು ಕೆಸರಿಗೆ ಬಿದ್ದು ಎದ್ದು ಓಡಿದವು. ಗಬ್ಬದ ಕುರಿಯೊಂದು ಆ ರಾತ್ರಿಯೇ ಕಂದು ಹಾಕಿತು. ಎರಡು ಮರಿ ಇದ್ದವು ಎಂದು ಎರಡು ಬೆರಳು ಎತ್ತಿ ತೋರಿಸಿದರು.

‘ಕೈಯಲ್ಲಿ ಕಲ್ಲಿತ್ತು ಅವ್ವಾ. ಎಸೆದಿದ್ದರೆ ಕಾಲು ಮುರಿಯುತ್ತಿತ್ತು. ಆದರೆ ಮೈಲಾರಲಿಂಗನ ಒಕ್ಕಲು ನಾವು. ನಾಯಿಗೆ ಕಲ್ಲು ಎಸೆಯಲು ಕೈ ಏಳುವುದಿಲ್ಲ. ಅದಕ್ಕೇ ಹೋಗಿ ಸಾಹೇಬರಿಗೆ ಹೇಳಿದೆ, ಒಂದು ಫಲಕ ಹಾಕಿಸಿ ಎಂದು.’

ಯಾವ ಸಾಹೇಬರೋ ನಾನೂ ಕೇಳಲಿಲ್ಲ. ಸುಮ್ಮನೆ ಹೊರಟುಬಿಡಬೇಕಿತ್ತು. ಆದರೆ ಅವರೇ, ‘ಏನು ಬರೆದಿದ್ದಾರೆ ಓದು. ನನ್ನ ಮಾತನ್ನೇ ಬರೆದಿದ್ದಾರೋ ಇಲ್ಲವೋ’ ಎಂದರು. ತಲೆಯೆತ್ತಿ ಜೋರಾಗಿ ಓದಿದೆ: ‘ಈ ದಂಡೆಗೆ ನಾಯಿ ಹಾಗೂ ಜಾನುವಾರುಗಳನ್ನು ತರುವುದನ್ನು ನಿಷೇಧಿಸಲಾಗಿದೆ. ತಪ್ಪಿದಲ್ಲಿ ಕ್ರಮ ಜರುಗಿಸಲಾಗುವುದು.’

ಹನ್ನೊಂದು ದಿನದಿಂದ ಆ ಫೋಟೊ ನನ್ನ ಮೊಬೈಲಿನಲ್ಲಿದೆ. ಎಷ್ಟು ಜನರಿಗೆ ಕಳುಹಿಸಿದ್ದೇನೋ ಲೆಕ್ಕವಿಲ್ಲ. ‘ನಾಯಿ’ ಎಂಬಲ್ಲಿಗೆ ನನ್ನ ಓದು ನಿಂತುಬಿಟ್ಟಿತ್ತು. ಮುಂದಿನ ಪದವನ್ನು ನಾನು ನೋಡಿದ್ದು ಇವತ್ತೇ, ಅದೂ ಬಾಯಿಂದ ಹೊರಬಿದ್ದ ಮೇಲೆ. ಮಕ್ಕಳಿಗೆ ‘ಪ್ರಶ್ನೆಯನ್ನು ಪೂರ್ತಿ ಓದಿ’ ಎಂದು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದೇನೆ.

‘ಜಾನುವಾರು ಎಂದರೆ?’ ಎಂದರು.

‘ದನ, ಎಮ್ಮೆ...’

‘ಕುರಿ?’

ಕುರಿಯೂ ಬರುತ್ತದೆ ಎಂದೆ.

ಅಜ್ಜ ಎದ್ದರು. ಕಂಬದಿಂದ ಬುತ್ತಿ ಗಂಟು ಬಿಚ್ಚಿಕೊಂಡರು. ಫಲಕದ ತಗಡನ್ನು ಕೋಲಿನಿಂದ ಎರಡು ಸಲ ತಟ್ಟಿದರು, ಒಳಗೆ ಯಾರೋ ಇದ್ದಾರೆ, ಕರೆಯೋಣ ಎಂಬಂತೆ. ಆಮೇಲೆ ನೀರಿನ ಕಡೆ ಕೋಲು ಚಾಚಿ, ಅಗೋ ಆ ಕರಿಬಂಡೆಯ ಆಚೆಗೆ ನಮ್ಮಪ್ಪನ ಹೊಲ ಇತ್ತು ಎಂದರು. ಅಣೆಕಟ್ಟು ತುಂಬಿದಾಗ ಮುಳುಗಿತು. ನೀರು ಇಳಿದಾಗ ಮೇಲೆ ಬರುತ್ತದೆ, ಹುಲ್ಲು ಹುಟ್ಟುತ್ತದೆ, ಕುರಿ ಮೇಯುತ್ತವೆ. ‘ನಾಯಿ ಒಂದನ್ನೇ ಬರೆಯಿರಿ ಎಂದಿದ್ದೆ. ಒಂದು ಪದ ಜಾಸ್ತಿ ಬರೆದಿದ್ದಾರೆ’ ಎಂದರು. ಅಂಗಡಿಯವನು ಚೀಟಿಯಲ್ಲಿ ಒಂದು ಕಿಲೋ ಬೆಲ್ಲ ಹೆಚ್ಚು ಬರೆದನೇನೋ ಎಂಬ ಧಾಟಿ.

ಆಮೇಲಿನದು ಪಕ್ಕಾ ವ್ಯಾಪಾರ. ನಿನ್ನ ಕಾಗದದಲ್ಲಿ ಕುರಿಯನ್ನೂ ಸೇರಿಸು. ಕಾಯುವ ನಾಯಿಗೆ ಹಗ್ಗ ಕಟ್ಟಲು ಆಗುವುದಿಲ್ಲ, ಅದನ್ನೂ ಬರೆ. ಪೇಟೆಯ ನಾಯಿ ಕುರಿ ಇರುವ ಕಡೆ ಬರಬಾರದು, ಅದನ್ನೂ ಬರೆ. ನನ್ನ ಎರಡೂ ನಾಯಿಗೆ ಹುಚ್ಚಿನ ಸೂಜಿ ಹಾಕಿಸಿಕೊಡು. ಎಲ್ಲದಕ್ಕೂ ಹೂಂ ಎಂದೆ. ನಾನು ಬರೆದ ಅರ್ಜಿಯಲ್ಲಿ ಇದ್ದದ್ದು ‘ಕೊರಳಪಟ್ಟಿ ಇರುವ, ಲಸಿಕೆ ಹಾಕಿಸಿದ ಸಾಕುನಾಯಿಗಳಿಗೆ ಮಾತ್ರ’. ಅಲ್ಲಿಯೇ ಗಂಟುಮೂತಿ ಹಾಕಿಕೊಂಡು ಮಲಗಿದ್ದ ಆ ಕಂದು ನಾಯಿಗಳ ಕೊರಳಲ್ಲಿ ಒಂದು ದಾರವೂ ಇರಲಿಲ್ಲ. ಅವುಗಳನ್ನು ಹೊರಗಿಡಲು ಯಾವ ಸಾಹೇಬರೂ ಬೇಕಿರಲಿಲ್ಲ, ನಾನೇ ಸಾಕಾಗಿದ್ದೆ.

ಶಾಯಿಪ್ಯಾಡ್ ಒಯ್ದಿರಲಿಲ್ಲ. ಪೆನ್ನನ್ನೇ ಅವರ ಹೆಬ್ಬೆರಳಿನ ಮೇಲೆ ಗೀಚಿದೆ. ಉಣ್ಣೆಯ ಜಿಡ್ಡು ಹತ್ತಿದ ಬೆರಳು, ಶಾಯಿ ಹಿಡಿಯಲೇ ಇಲ್ಲ. ಕಂಬಳಿಗೆ ಒರೆಸಿಕೊಂಡರು, ಜಿಡ್ಡು ಇನ್ನಷ್ಟು ಹತ್ತಿತು. ಕೊನೆಗೆ ಒಣಮಣ್ಣಿಗೆ ತಿಕ್ಕಿ, ಮತ್ತೆ ಗೀಚಿ ಒತ್ತಿದಾಗ ಅರ್ಧ ಗೆರೆ ಮೂಡಿತು. ಕಾಗದಕ್ಕೂ ಒಂದಿಷ್ಟು ಮಣ್ಣು ಅಂಟಿದೆ. ಈಗ ಮೂಸಿದರೂ ಕುರಿಯ ವಾಸನೆ.

ಸ್ಕೂಟರ್ ಹತ್ತಿದ ಮೇಲೆ ನೆನಪಾದದ್ದು. ಇಲ್ಲ, ಸುಳ್ಳು. ‘ಬಿಳಿ ನಾಯಿ, ಉದ್ದ ಕಾಲು’ ಎಂದಾಗಲೇ ನೆನಪಾಗಿತ್ತು.

ಶಿವರಾತ್ರಿಗೆ ಎರಡು ದಿನ ಮುಂಚೆ, ಊರು ಬಂದ್ ಆದ ಸಂಜೆಯೇ, ಶಾಲೆಯಿಲ್ಲದ ಖುಷಿಯಲ್ಲಿ ಮುತ್ತುವನ್ನು ದಂಡೆಗೆ ಕರೆದೊಯ್ದಿದ್ದೆ. ಅರ್ಧ ಗಂಟೆ ಕಾಣದೆ ಹೋದ. ಕೂಗಿ ಕೂಗಿ ಗಂಟಲು ಬಿದ್ದ ಮೇಲೆ ಕೆಸರುಮಯವಾಗಿ ಬಂದ. ಹಲ್ಲಿನ ಸಂದಿಯಲ್ಲಿ ಉಣ್ಣೆ. ನಾನು ನಗುತ್ತಾ ಅದನ್ನು ಬೆರಳಿನಿಂದ ಬಿಡಿಸಿ, ಮಗನಿಗೆ ಫೋನ್ ಮಾಡಿ, ‘ನೀನು ಬಿಟ್ಟುಹೋದ ಮುಧೋಳದ ಸರದಾರ ಇವತ್ತು ಯಾರದೋ ಕಂಬಳಿ ಕದಿಯಲು ಹೋಗಿದ್ದ’ ಎಂದಿದ್ದೆ. ಅವನೂ ನಕ್ಕ. 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ತಳಿ, ಓಡುವುದನ್ನು ಅಟ್ಟಿಸಿಕೊಂಡು ಹೋಗುವುದು ಅದರ ರಕ್ತದಲ್ಲೇ ಇದೆ ಎಂದು ಹೆಮ್ಮೆಯಿಂದ ಹೇಳಿದ. ಕಂಬಳಿಗೆ ಕೂಡ ಕಾಲಿರುತ್ತದೆಯೇ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಅಜ್ಜನಿಗೆ ಹೇಳಲಿಲ್ಲ. ಹೆಬ್ಬೆಟ್ಟು ಒತ್ತಿಸಿಕೊಂಡೆ, ಬುತ್ತಿಯಿಂದ ಅವರು ಕೊಟ್ಟ ಅರ್ಧ ರೊಟ್ಟಿಯನ್ನೂ ತಿಂದೆ, ಬಂದೆ.

ಯುಗಾದಿಗೆ ಇನ್ನೊಂದು ವಾರ. ಹಿತ್ತಲ ಬೇವು ಹೂ ಬಿಟ್ಟು ನೆಲವೆಲ್ಲ ಬೆಳ್ಳಗಾಗಿದೆ. ಒಂದು ಕುರಿಮರಿಗೆ ಈಗ ಎಷ್ಟಾಗುತ್ತದೆ ಎಂದು ಸಂಜೆ ಗಿರಣಿ ಕಾಕಾ ಹತ್ತಿರ ಸುಮ್ಮನೆ ಕೇಳಿದೆ. ‘ಹಬ್ಬದ ಮಾರನೆಯ ದಿನಕ್ಕೇನು?’ ಎಂದರು.

ಅರ್ಜಿಯನ್ನು ಹೊಸದಾಗಿ ಬರೆಯಬೇಕು. ಕುರಿ ಸೇರಿಸಬೇಕು, ಟಿಟ್ಟಿಭ ಸೇರಿಸಬೇಕು, ‘ಮಾತ್ರ’ ತೆಗೆಯಬೇಕು. ಅಷ್ಟು ಮಾಡಿದರೆ ನಲವತ್ತಮೂರು ಮನೆಗೆ ಮತ್ತೆ ತಿರುಗಬೇಕು. ಅದಕ್ಕೇನೂ ಬೇಸರವಿಲ್ಲ. ಹಳೆಯ ಕಾಗದವನ್ನು ಎದುರಿಗಿಟ್ಟುಕೊಂಡು ಕುಳಿತಿದ್ದೇನೆ. ಎರಡನೇ ಸಾಲು: ‘ನಮ್ಮ ನಾಯಿಗಳಿಂದ ಇಲ್ಲಿಯವರೆಗೆ ಯಾರಿಗೂ ಯಾವ ತೊಂದರೆಯೂ ಆಗಿಲ್ಲ.’ ಕೆಳಗೆ ಮೊದಲ ಸಹಿ ನನ್ನದು, ದುಂಡಗೆ, ಹಾಜರಿ ಪುಸ್ತಕದಲ್ಲಿ ಹಾಕಿದ ಹಾಗೆ. ಕೊನೆಯದು ಆ ಅರ್ಧ ಗೆರೆ. ಆ ಸಾಲನ್ನು ಸುಮ್ಮನೆ ಬಿಟ್ಟು ಬರೆದರೆ ಯಾರೂ ಗಮನಿಸುವುದಿಲ್ಲ. ಆದರೆ ನಾಳೆ ಅಜ್ಜ ಮತ್ತೆ ‘ಏನು ಬರೆದಿದ್ದೀಯ, ಓದು’ ಎಂದರೆ